ಊರಿಗೆ ಬಂದ ಕೋರ್ಟು

ಸರ್ಕಾರ ಪರಿಹಾರ ಕೊಡದೆ ಹೊಲ ಕಿತ್ತುಕೊಂಡಿದೆ ಎಂದು ನಿಂಬೆವ್ವ, ಅವಳ ಗಂಡ ದಾವೆ ಹೂಡಿದ್ದರು. ಜಿಲ್ಲಾ ನ್ಯಾಯಾಲಯ ದೂರದ ಪಟ್ಟಣದಲ್ಲಿತ್ತು. ಪ್ರತಿ ವಾಯಿದೆಗೂ ಇಬ್ಬರೂ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಹೋದಾಗಲೆಲ್ಲ ಸಿಗುತ್ತಿದ್ದದ್ದು ಮುಂದಿನ ತಾರೀಖು ಮಾತ್ರ. ಹಾಗೆ ಹೋದ ಒಂದು ದಿನ ಗಂಡ ಬಸ್ ಸ್ಟ್ಯಾಂಡಿನಲ್ಲೇ ಕುಸಿದು ತೀರಿಕೊಂಡ. ಆಮೇಲೂ ಅವಳು ಒಬ್ಬಳೇ ಹೋಗುವುದನ್ನು ಬಿಡಲಿಲ್ಲ.

ಕಡೆಗೊಮ್ಮೆ ಜಿಲ್ಲೆ ಒಡೆದು ಎರಡಾಯಿತು. ಅವಳ ಊರೇ ಹೊಸ ಜಿಲ್ಲಾ ಕೇಂದ್ರವಾಯಿತು. ಅಲ್ಲಿಗೆ ಕೋರ್ಟು ಬಂತು, ಅವಳ ಕೇಸೂ ವರ್ಗವಾಗಿ ಬಂತು.

ಹೊಸ ನ್ಯಾಯಾಧೀಶರು ಅವಳಿಗೆ ಕೂರಲು ಹೇಳಿದರು. ಇಷ್ಟು ವರ್ಷಗಳಲ್ಲಿ ಯಾವ ಕೋರ್ಟಿನಲ್ಲೂ ಯಾರೂ ಹಾಗೆ ಹೇಳಿರಲಿಲ್ಲ.

“ನಿಮ್ಮ ಕಾಗದಪತ್ರ ಎಲ್ಲಾ ಸರಿಯಾಗಿದೆ ತಾಯಿ. ಇನ್ನು ತಡ ಮಾಡೋದಿಲ್ಲ. ಆ ಹೊಲದಲ್ಲಿ ಈಗ ಏನಿದೆ?”

ನಿಂಬೆವ್ವ ಎದ್ದು ಕೈಮುಗಿದಳು.

“ಈ ಕೋರ್ಟ ಐತ್ರಿ ಸಾಹೇಬ್ರ. ನೀವು ಕುಂತಿದ್ದು ನಮ್ಮ ಹೊಲದಾಗ.”

ನ್ಯಾಯಾಧೀಶರು ಫೈಲು ಮುಚ್ಚಿದರು. ಆಮೇಲೆ ಅವಳ ಮುಖ ನೋಡದೆ ಹೇಳಿದರು:

“ಹಾಗಾದರೆ ಈ ಕೋರ್ಟಿನ ಜಾಗದ ಕೇಸನ್ನು ನಾನೇ ವಿಚಾರಿಸೋ ಹಾಗಿಲ್ಲ ತಾಯಿ. ಹಳೇ ಜಿಲ್ಲೆಗೇ ವಾಪಸ್ ಹೋಗಬೇಕು.”