ಒಂಬತ್ತು ರಜಾಚೀಟಿ

"ನಾಲ್ಕನೇ ತರಗತಿ. ಮಕ್ಕಳೆಲ್ಲರೂ ತಡವರಿಸದೆ ಓದುತ್ತಾರೆ," ಎಂದು ಓದಿ ಇನ್‌ಸ್ಪೆಕ್ಟರ್ ಉಚ್ಚಂಗೆಪ್ಪ ಕನ್ನಡಕದ ಮೇಲಿಂದ ಎಲ್ಲರನ್ನೂ ಒಮ್ಮೆ ನೋಡಿದರು.

ದಾವಣಗೆರೆ ಹೊಸ ಜಿಲ್ಲೆಯಾದ ಮರುವರ್ಷ. ಹರಿಹರದ ಒಂದು ಅನುದಾನಿತ ಶಾಲೆಯ ತಪಾಸಣೆ ಮುಗಿದು, ಹೆಡ್‌ಮಾಸ್ಟರ ಕೋಣೆಯಲ್ಲಿ ಕೊನೆಯ ಸಭೆ ನಡೆದಿತ್ತು. ಬೇರೆ ಇನ್‌ಸ್ಪೆಕ್ಟರುಗಳು ಮಂಡಕ್ಕಿ ತಿಂದು, ಚಹಾ ಕುಡಿದು, ವರದಿಯನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದರು. ಉಚ್ಚಂಗೆಪ್ಪ ಹಾಗಲ್ಲ. ಬರೆದ ಒಂದೊಂದು ಸಾಲನ್ನೂ ಮಾಸ್ತರರ ಮುಂದೆ ಓದಬೇಕು, ಯಾರದಾದರೂ ತಕರಾರು ಇದೆಯೇ ಎಂದು ಕೇಳಬೇಕು, ಆಮೇಲೆಯೇ ಸಹಿ. ಹನ್ನೆರಡು ವರ್ಷಗಳಲ್ಲಿ ಒಬ್ಬರೂ ತಕರಾರು ಎತ್ತಿರಲಿಲ್ಲ. ಹೊಗಳಿಕೆಗೆ ಯಾರ ತಕರಾರೂ ಇರುವುದಿಲ್ಲ, ತೆಗಳಿಕೆಗೆ ತಕರಾರು ಎತ್ತುವ ಧೈರ್ಯ ಇರುವುದಿಲ್ಲ.

ಮುಂದಿನ ಸಾಲು ಹೀಗಿತ್ತು: ತರಗತಿಯ ಶಿಕ್ಷಕಿ ವಾಣಿಯವರ ಕೆಲಸ ತೃಪ್ತಿಕರ, ಸೇವೆ ಖಾಯಂ ಮಾಡಬಹುದು. ಈ ಮಾತಿಗಾಗಿ ವಾಣಿ ಎರಡು ವರ್ಷ ಕಾದಿದ್ದಳು. ಇದು ತಪ್ಪಿದರೆ ನೌಕರಿ ಇನ್ನೊಂದು ವರ್ಷ ತೂಗುಯ್ಯಾಲೆ. ಅಷ್ಟರೊಳಗೆ ಆಡಳಿತ ಮಂಡಳಿಯವರು ತಮ್ಮ ಕಡೆಯವರನ್ನು ಆ ಜಾಗಕ್ಕೆ ತಂದು ಕೂರಿಸಿದರೂ ಕೇಳುವವರಿಲ್ಲ. ಪಕ್ಕದಲ್ಲಿದ್ದ ಕಸ್ತೂರಮ್ಮ ಟೀಚರು ಮೇಜಿನ ಕೆಳಗೇ ಅವಳ ಕೈ ಅದುಮಿ ಸಂತೋಷ ತಿಳಿಸಿದರು. ವಾಣಿಗೆ ಮಾತ್ರ ಸಂತೋಷವಾಗಲಿಲ್ಲ. ಅವಳ ಮನಸ್ಸು ಹಿಂದಿನ ಸಾಲಿನಲ್ಲೇ ಸಿಕ್ಕಿಕೊಂಡಿತ್ತು. ಮಕ್ಕಳೆಲ್ಲರೂ.

ನಾಲ್ಕನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳು. ಅಂದು ಬಂದವರು ಮೂವತ್ತೆರಡು. ಉಳಿದ ಒಂಬತ್ತು ಮಕ್ಕಳಿಗೆ ಇನ್ನೂ ಅಕ್ಷರ ಕೂಡಿಸಿ ಓದಲು ಬಾರದು. ಹೆಡ್‌ಮಾಸ್ಟರ್ ವಾಮದೇವಪ್ಪ ಕೆಟ್ಟವರಲ್ಲ, ಮುಂದಾಲೋಚನೆಯವರು. ತಪಾಸಣೆಗೆ ಅಮಾವಾಸ್ಯೆಯ ದಿನವನ್ನೇ ಕೇಳಿ ಪಡೆದಿದ್ದರು. ಅಮಾವಾಸ್ಯೆಯ ದರ್ಶನಕ್ಕೆ ಉಕ್ಕಡಗಾತ್ರಿಯ ಗುಡಿಗೆ ಹೋಗಿದ್ದಾರೆ ಎಂದರೆ ಈ ಕಡೆಯ ಯಾವ ಸಾಹೇಬರೂ ಮರುಪ್ರಶ್ನೆ ಹಾಕುವುದಿಲ್ಲ. ನಾಳೆ ಬರಬೇಡಿ ಎಂದು ಆ ಒಂಬತ್ತು ಮಕ್ಕಳಿಗೆ ಹೇಳುವ ಕೆಲಸವನ್ನು ಹಿಂದಿನ ಸಂಜೆ ವಾಣಿಗೇ ವಹಿಸಿದ್ದರು. ಒಂಬತ್ತು ರಜಾಚೀಟಿಗಳೂ ಹಾಜರಿ ಪುಸ್ತಕದೊಳಗೆ ಒಪ್ಪವಾಗಿ ಕೂತಿದ್ದವು. ಎಲ್ಲ ಶಾಲೆಗಳಲ್ಲೂ ನಡೆಯುವುದೇ ಹೀಗೆ. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು ಎಂದು ಅವಳೂ ಸುಮ್ಮನಾಗಿದ್ದಳು.

"ಯಾರದಾದ್ರೂ ತಕರಾರು ಐತೇನ್ರಿ?" ಎಂದು ವಾಡಿಕೆಯಂತೆ ಕೇಳಿ ಉಚ್ಚಂಗೆಪ್ಪ ಸಹಿಗೆ ಪೆನ್ನು ತೆಗೆದರು.

"ಐತೆ ಸರ್," ಎಂದಳು ವಾಣಿ. "ನನ್ನ ಕ್ಲಾಸಿನಾಗೆ ಎಲ್ಲಾರೂ ಓದಲ್ಲ. ಒಂಬತ್ತು ಮಕ್ಕಳಿಗೆ ಬರಲ್ಲ. ಅವರು ಉಕ್ಕಡಗಾತ್ರಿಗೂ ಹೋಗಿಲ್ಲ, ಮನ್ಯಾಗೆ ಅದಾರೆ. ಬರಬ್ಯಾಡ್ರಿ ಅಂತ ನಾನೇ ಹೇಳಿದ್ದು."

ಕಸ್ತೂರಮ್ಮ ಹಿಡಿದಿದ್ದ ಕೈ ಬಿಟ್ಟರು. ವಾಮದೇವಪ್ಪ ನಗಲು ನೋಡಿದರು. ಹೊಸ ಹುಡುಗಿ, ಗಾಬರಿಯಾಗಿ ಏನೋ ಮಾತಾಡುತ್ತಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು. ಉಚ್ಚಂಗೆಪ್ಪ ಅವರ ಕಡೆ ತಿರುಗಲಿಲ್ಲ. ಹನ್ನೆರಡು ವರ್ಷಗಳ ಮೇಲೆ ಬಂದ ಮೊದಲ ತಕರಾರನ್ನು ಏನು ಮಾಡಬೇಕೆಂದು ಅವರಿಗೂ ತಕ್ಷಣ ತೋಚಿದಂತಿರಲಿಲ್ಲ.

"ನಿಮಗೆ ಖಾಯಂ ಆಗೋದು ಬ್ಯಾಡೇನಮ್ಮ?"

"ಬೇಕು ಸರ್," ಎಂದಳು ವಾಣಿ. "ನಿನ್ನೆ ಹೇಳಿದಾಗ ಎಂಟು ಮಕ್ಕಳು ರಜ ಸಿಕ್ತು ಅಂತ ಓಡಿದ್ರು. ನುಜತ್ ಅನ್ನೋ ಹುಡುಗಿ ಮಾತ್ರ ಹೋಗಲಿಲ್ಲ. 'ನಾಡಿದ್ದು ಬರಬೌದಾ ಟೀಚರ್' ಅಂತ ಕೇಳ್ತಾ ನಿಂತ್ಲು."

ವಾಣಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಎದೆ ಹಗುರವೂ ಆಯಿತು. ಉಚ್ಚಂಗೆಪ್ಪ ಗದರಲಿಲ್ಲ, ಮೆಚ್ಚುಗೆಯನ್ನೂ ತೋರಿಸಲಿಲ್ಲ. ಸ್ಕೇಲು ಕೇಳಿ ತರಿಸಿಕೊಂಡು, ಮಕ್ಕಳೆಲ್ಲರೂ ಓದುತ್ತಾರೆ ಎಂಬ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಆಮೇಲೆ ಅದರ ಕೆಳಗಿನ ಸಾಲಿನ ಮೇಲೂ ಎಳೆದರು. ಎರಡು ವರ್ಷ ಕಾದ ಮಾತು ಹೋದದ್ದನ್ನು ವಾಣಿ ಕಣ್ಣಾರೆ ಕಂಡಳು. ಗೆರೆಗಳ ಪಕ್ಕ ಚಿಕ್ಕ ಸಹಿ ಹಾಕಿ, ತಪಾಸಣೆ ಪೂರ್ಣಗೊಂಡಿಲ್ಲ ಎಂದು ಬರೆದು, ಅದನ್ನೂ ಎಲ್ಲರಿಗೆ ಓದಿ ಹೇಳಿದರು. ನಾಳೆ ಹತ್ತು ಗಂಟೆಗೆ ತಾವು ಮತ್ತೆ ಬರುವುದಾಗಿಯೂ, ಆ ಒಂಬತ್ತು ಮಕ್ಕಳು ಇರಬೇಕೆಂದೂ, ಅವರನ್ನು ಓದಿಸಿ ನೋಡಿದ ಮೇಲೆ ಟೀಚರ ಕೆಲಸ ಹೇಗಿದೆಯೋ ಹಾಗೆ ಬರೆಯುವುದಾಗಿಯೂ ತಿಳಿಸಿದರು.

ವಾಮದೇವಪ್ಪನವರಿಗೆ ಇನ್ನೂ ಒಂದು ಆಸೆ ಇತ್ತು.

"ನಾಳೆ ನಿಮ್ದು ಸಾರಥಿ ಊರಿನ ಶಾಲೆ ತಪಾಸಣೆ ಐತಲ್ಲ ಸರ್? ಪಾಪ, ಅವರು ಆಗಲೇ ಎಲ್ಲ ತಯಾರಿ ಮಾಡ್ಕೊಂಡು ಕುಂತಾರೆ."

ಉಚ್ಚಂಗೆಪ್ಪ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು.

"ನಾನು ಬರಲ್ಲ ಅಂತ ಇವತ್ತೇ ಹೇಳಿ ಕಳಿಸ್ರಿ. ನಾಳೆ ಅಲ್ಲಿ ಮಕ್ಕಳೆಲ್ಲ ಶಾಲೆಗೆ ಬರಲಿ."