ಐದನೇ ಫಾರಂ

"ಚೆನ್ನಾಗಿದ್ದೀಯಾ? ಕೂತ್ಕೋ, ಪಾಪ, ಬಿಸಿಲಲ್ಲಿ ಬಂದಿದ್ದೀಯ" ಎಂದಳು ವಕೀಲೆ. ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯ ಮಂಚದಲ್ಲಿ ದಿಂಬಿಗೆ ಒರಗಿದ್ದಳು.

ಗೋಂದು ಬಾಗಿಲಲ್ಲೇ ನಿಂತುಬಿಟ್ಟಳು. ಬೈಂಡಿಂಗ್ ಅಂಗಡಿಯ ಒಂದೇ ಮೇಜಿನ ಎರಡು ಬದಿಗೆ ಹದಿನಾಲ್ಕು ವರ್ಷ ಕೂತು ಕೆಲಸ ಮಾಡಿದವರು ಇಬ್ಬರೂ. ಅಷ್ಟು ವರ್ಷಗಳಲ್ಲಿ ಈ ಗೆಳತಿ ಒಮ್ಮೆಯೂ ಚೆನ್ನಾಗಿದ್ದೀಯಾ ಎಂದು ಕೇಳಿದವಳಲ್ಲ. 'ಏ ಗೋಂದು, ಇವತ್ತೂ ಲೇಟಾ?' ಎನ್ನುವುದೇ ಅವಳ ನಮಸ್ಕಾರ. ಪುಸ್ತಕದ ಬೆನ್ನಿಗೆ ಗೋಂದು ಬಳಿಯುವವಳಿಗೆ ಆ ಹೆಸರಿಟ್ಟವಳೂ ಅವಳೇ. ವಾದಕ್ಕಿಳಿದರೆ ಪಟ್ಟು ಬಿಡದ ಅವಳಿಗೆ ಅಂಗಡಿಯವರು ವಕೀಲೆ ಎಂದು ಅಡ್ಡಹೆಸರಿಟ್ಟಿದ್ದರು. ಹನ್ನೆರಡು ದಿನದ ಹಿಂದೆ ಅಟ್ಟದಿಂದ ರಟ್ಟಿನ ಕಟ್ಟು ಇಳಿಸುವಾಗ ಏಣಿ ಜಾರಿ ಬಿದ್ದಳು. ತಲೆಯೊಳಗೆ ಹೆಪ್ಪುಗಟ್ಟಿದ ರಕ್ತವನ್ನು ಡಾಕ್ಟರು ತೆಗೆದಿದ್ದರು.

"ಡಾಕ್ಟರು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದ್ಲು ಅಕ್ಕಾ" ಎಂದ ಅವಳ ಗಂಡ, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ. "ಹೆಸರು, ವಾರ, ತಾರೀಖು, ಎಷ್ಟು ಬೆರಳು, ಎಲ್ಲ. ಎಷ್ಟು ಸಮಾಧಾನ ಆಗಿಬಿಟ್ಟಿದ್ದಾಳೆ ಗೊತ್ತಾ? ನಾನೇನು ಹೇಳಿದ್ರೂ ಹೂಂ ಅಂತಾಳೆ."

ಅವನ ಮುಖದಲ್ಲಿ ಗೆಲುವಿತ್ತು. ಗೋಂದುವಿಗೆ ಮಾತ್ರ ಸಮಾಧಾನವಾಗಲಿಲ್ಲ. ಹೆಸರು, ತಾರೀಖು ಯಾರಿಗೆ ಬೇಕು? ಅವು ಮಂಚಕ್ಕೆ ನೇತುಹಾಕಿದ ಹಾಳೆಯಲ್ಲೂ ಇದ್ದವು. ಅವಳು ಸ್ಟೂಲು ಎಳೆದು ಕೂತಳು.

"ಆ ದೀಪಸ್ತಂಭದ ಸಿನಿಮಾ ನೆನಪಿದೆಯೇನೇ? ಕೊನೆಗೆ ತಂಗಿ ವಾಪಸ್ ಬರ್ತಾಳಾ, ಇಲ್ವಾ?"

ವಕೀಲೆ ಯಾವ ಸಿನಿಮಾದ ಕೊನೆಯನ್ನೂ ನೋಡಿದವಳಲ್ಲ. ಸೈಕಲ್ ಸ್ಟ್ಯಾಂಡಿನ ನೂಕುನುಗ್ಗಲಿಗೆ ಹೆದರಿ ಕಾಲು ಗಂಟೆ ಮುಂಚೆಯೇ ಎದ್ದುಬಿಡುವಳು. ಮರುದಿನ ಮಾತ್ರ ಕಣ್ಣಾರೆ ಕಂಡವಳ ಹಾಗೆ ಕೊನೆ ಹೇಳಿ, ಪೂರ್ತಿ ನೋಡಿದವರನ್ನೇ ಸುಳ್ಳುಗಾರರನ್ನಾಗಿ ಮಾಡುವಳು.

"ಗೊತ್ತಿಲ್ಲ ಕಣೇ" ಎಂದಳು ಈಗ. "ನಾನು ಕೊನೆ ನೋಡೇ ಇಲ್ವಲ್ಲ."

ಒಪ್ಪಿಕೊಂಡೇಬಿಟ್ಟಳು! ಅದು ಸಾಲದೆಂಬಂತೆ ಗಂಡ ಕೊಟ್ಟ ಚಹಾವನ್ನು ಬಿಸಿಬಿಸಿಯಾಗಿಯೇ ಕುಡಿದಳು, ಕೆನೆ ಕಟ್ಟುವ ತನಕ ಲೋಟ ಮುಟ್ಟದ ಹೆಂಗಸು.

ಇನ್ನು ಉಳಿದದ್ದು ಅಂಬಿಗನ ಕಾದಂಬರಿ. ಅಂಗಡಿಗೆ ಪುಸ್ತಕ ಪುಸ್ತಕವಾಗಿ ಬರುವುದಿಲ್ಲ, ಹದಿನಾರು ಪುಟದ ಹಾಳೆಗಳಾಗಿ ಬರುತ್ತದೆ. ಒಂದೊಂದು ಹಾಳೆಗೂ ಫಾರಂ ಎಂದು ಹೆಸರು. ಮೊದಲರ್ಧದ ಫಾರಂಗಳನ್ನು ಮಡಿಸುವುದು ವಕೀಲೆ, ಉಳಿದರ್ಧ ಗೋಂದು. ಮಡಿಸುತ್ತ ಓದುವ ಚಟ ಇಬ್ಬರಿಗೂ. ಹೀಗಾಗಿ ಎಲ್ಲ ಕಾದಂಬರಿಗಳ ಶುರು ಒಬ್ಬಳಿಗೆ ಗೊತ್ತು, ಕೊನೆ ಇನ್ನೊಬ್ಬಳಿಗೆ. ಊಟದ ಹೊತ್ತಿಗೆ ಎರಡನ್ನೂ ಜೋಡಿಸಿ ಕಥೆ ಮಾಡಿಕೊಳ್ಳುತ್ತಿದ್ದರು. ಅಂಬಿಗನ ಕಥೆ ಮಾತ್ರ ಜೋಡಣೆಯಾಗಲೇ ಇಲ್ಲ. ಕೊನೆಗೆ ಅವನು ತಾನು ಮೆಚ್ಚಿದ ಟೀಚರಮ್ಮನನ್ನು ಬಿಟ್ಟು ಊರಿಂದ ಹೊರಟುಹೋಗುತ್ತಾನೆ ಎಂದು ಗೋಂದು, ಸಾಧ್ಯವೇ ಇಲ್ಲ ಎಂದು ವಕೀಲೆ. ಹನ್ನೊಂದು ವರ್ಷದ ಜಗಳ.

"ಅಂಬಿಗ ಊರು ಬಿಟ್ಟು ಹೋದ. ಅಲ್ವೇನೇ?"

"ಇರಬಹುದು. ನೀನು ಹೇಳಿದ ಮೇಲೆ ಸರಿಯೇ ಇರುತ್ತೆ."

ಗೋಂದುವಿಗೆ ಅಳು ಬಂತು. ಮುಖ ಆಚೆ ತಿರುಗಿಸಿಕೊಂಡಳು.

"ಯಾರಕ್ಕಾ ಅಂಬಿಗ?" ಎಂದ ಗಂಡ.

ಅಳು ಅಡಗಿಸಲು ಅವನಿಗೇ ಕಥೆ ಹೇಳತೊಡಗಿದಳು. "ಒಂದು ಪುಸ್ತಕದ್ದಪ್ಪ. ಕೊನೇ ಫಾರಮ್ಮಲ್ಲಿ ಬೆಳಗ್ಗೆ ಬೇಗ ಎದ್ದು, ಟೀಚರಮ್ಮನ ಬಾಗಿಲಲ್ಲಿ ದೋಣಿ ಹುಟ್ಟು ಒರಗಿಸಿಟ್ಟು, ಗುಡ್ಡ ಹತ್ತಿ ನಡ್ಕೊಂಡು..."

"ಯಾವ ಕಾಲಲ್ಲಿ?"

ಮಾತು ಮಂಚದ ಕಡೆಯಿಂದ ಬಂದಿತ್ತು. ಗೋಂದು ತಿರುಗಲಿಲ್ಲ. ತಿರುಗಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಅಲುಗಾಡದೆ ಕೂತಳು.

"ಎರಡೂ ಕಾಲಲ್ಲಿ" ಎಂದಳು ಮೆಲ್ಲಗೆ.

"ಐದನೇ ಫಾರಮ್ಮಲ್ಲಿ ಬಂಡೆ ಬಿದ್ದು ಮೊಣಕಾಲು ಪುಡಿ ಆಗಿದೆ ಅವನದು! ಸಾವಿರ ಪ್ರತಿ ಮಡಿಸಿದವಳು ನಾನು. ಗುಡ್ಡ ಹತ್ತತಾನಂತೆ ಗುಡ್ಡ!"

"ಅಷ್ಟೊತ್ತಿಗೆ ವಾಸಿ ಆಗಿರುತ್ತೆ ಕಣೇ."

"ಯಾರು ವಾಸಿ ಮಾಡಿದ್ದು, ನೀನಾ? ಅವನು ಎಲ್ಲೂ ಹೋಗಲ್ಲ. ಟೀಚರಮ್ಮನ್ನೇ ಮದುವೆ ಆಗ್ತಾನೆ. ಏ ಗೋಂದು, ಬೇರೆ ಯಾವುದೋ ಪುಸ್ತಕದ ಫಾರಂ ಓದಿಬಿಟ್ಟು ನನ್ನ ತಲೆ ತಿನ್ನಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಮೆಲ್ಲಗೆ, ಸಮಾಧಾನ..." ಎಂದು ಗಂಡ ಕೈ ಎತ್ತಿದ.

"ನೀವು ಸುಮ್ನೆ ಕೂತ್ಕೊಳ್ಳಿ. ನಿಮಗೆ ಇದೆಲ್ಲ ಗೊತ್ತಾಗಲ್ಲ."

ಅವನ ಮುಖ ಇಳಿದುಹೋಯಿತು. ಗೋಂದುವಿಗೆ ಹೋದ ಜೀವ ಬಂದಂತಾಯಿತು. ಎದುರಿನ ಮಂಚದ ಮುದುಕಿ ಎದ್ದು ಕೂತಳು, ನರ್ಸು ಬಾಗಿಲಲ್ಲಿ ಇಣುಕಿ ಬೆರಳು ತುಟಿಗಿಟ್ಟಳು. ವಕೀಲೆ ಬೆರಳು ಆಡಿಸುತ್ತಲೇ ಇದ್ದಳು.

"ಧೈರ್ಯ ಇದ್ರೆ ಪುಸ್ತಕ ತಂದು ತೋರಿಸು! ಆ ಕೊನೇ ಪುಟ ನಾನೂ ನೋಡ್ತೀನಿ."

ಪುಸ್ತಕ ಗೋಂದುವಿನ ಕಾಲ ಬಳಿಯ ಚೀಲದಲ್ಲಿತ್ತು. ಪರಿಚಯದ ವಸ್ತು ಏನಾದರೂ ತಂದು ತೋರಿಸಿ ಎಂದು ಡಾಕ್ಟರು ಹೇಳಿದ್ದರಿಂದ, ನಿನ್ನೆ ಅಂಗಡಿಯ ಅಟ್ಟವನ್ನೆಲ್ಲ ಜಾಲಾಡಿ ಉಳಿದಿದ್ದ ಒಂದೇ ಪ್ರತಿಯನ್ನು ಹೊರತೆಗೆದಿದ್ದಳು. ಅಂಬಿಗ ಗುಡ್ಡ ಹತ್ತಿ ಹೋಗುವ ಪುಟಕ್ಕೆ ಹೊಲಿಗೆಯ ದಾರ ಇಟ್ಟು ತಂದಿದ್ದಳು.

"ಎಲ್ಲಿ ಹುಡುಕಿದ್ರೂ ಸಿಗ್ತಿಲ್ಲ ಕಣೇ" ಎಂದಳು ಗೋಂದು, ಹಿಮ್ಮಡಿಯಿಂದ ಚೀಲವನ್ನು ಸ್ಟೂಲಿನ ಅಡಿಗೆ ತಳ್ಳುತ್ತ.