ಕೆಂಗೇರಿ ದಾಟದ ಕಾರು

ಜಲಜಾ ಮೊರದಲ್ಲಿ ಮಡಿಲಕ್ಕಿ ಆರಿಸುತ್ತಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸಲು ಆರಿಸುತ್ತಿದ್ದ ನಾಲ್ಕನೆಯ ಸಲದ ಅಕ್ಕಿ. ಹಿಂದಿನ ಮೂರು ಸಲದ್ದನ್ನೂ ಮಾರನೆಯ ದಿನ ಅನ್ನ ಮಾಡಿ ಮನೆಯವರೇ ಉಂಡಿದ್ದರು.

ಹೊರಗೆ, ರಾಜಾಜಿನಗರದ ಆ ಪುಟ್ಟ ಮನೆಯ ಅಂಗಳದಲ್ಲಿ, ಮುನಿಯಪ್ಪ ಹಳೆಯ ಫಿಯಟ್ಟಿನ ಬಾನೆಟ್ಟಿನೊಳಗೆ ತಲೆ ತೂರಿಸಿದ್ದ. ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕ ಅವನ ರಿಪೇರಿ ಅಂಗಡಿ. ಸುಟ್ಟುಹೋದ ಡೈನಮೋಗಳಿಗೆ ಮತ್ತೆ ತಂತಿ ಸುತ್ತಿ, ಬಣ್ಣ ಬಳಿದು, ಅಗ್ಗಕ್ಕೆ ಮಾರುವವನು. ಅವನ ಡೈನಮೋ ಹಾಕಿಸಿಕೊಂಡ ಈ ಕಾರು ಮೂರು ಸಲವೂ ಕೆಂಗೇರಿ ದಾಟಿರಲಿಲ್ಲ. ಬ್ಯಾಟರಿಗೆ ಕರೆಂಟು ತುಂಬುವ ಯಂತ್ರವೇ ಸತ್ತ ಮೇಲೆ ಕಾರು ಅಳಿಯನ ಊರಾದ ಮಂಡ್ಯ ಮುಟ್ಟುವುದೆಲ್ಲಿ ಬಂತು? ಮೊದಲು ಕೆಂಪು ದೀಪ. ಆಮೇಲೆ ಮಂಕಾಗುವ ಹೆಡ್‌ಲೈಟು. ಆಮೇಲೆ ರಸ್ತೆ ಬದಿ. ಪಕ್ಕದ ಬೀದಿಯ ಟ್ಯಾಕ್ಸಿಗೆ ಅದೇ ಅಂಗಡಿಯ ಡೈನಮೋ ಆರು ತಿಂಗಳು ಬಂದಿತ್ತು. ಇವರ ಹಣೆಬರಹ.

ಗಂಡನ ಮನೆಗೆ ಹೊರಟ ಹೆಣ್ಣು ಅರ್ಧ ದಾರಿಯಲ್ಲಿ ನಿಂತರೆ ತವರಿಗೆ ಮರಳಬೇಕು, ಬೇರೆ ಮುಹೂರ್ತ ನೋಡಬೇಕು. ಜಲಜಾಳ ಗಂಡ ಸೇತುರಾಮ ಪಂಚಾಂಗವನ್ನು ಗೇಲಿ ಮಾಡುವವನು. ಆದರೂ ಮೂರು ಸಲವೂ ಅವನೇ ಮೊದಲು ಹೇಳಿದ್ದ: "ಅಪಶಕುನ ಕಣೇ. ವಾಪಸ್ ಹೋಗೋಣ."

ಅವನು ಫ್ಯಾಕ್ಟರಿಯಲ್ಲಿ ಫೋರ್ಮನ್. ಸದ್ದು ಕೇಳಿಯೇ ಯಂತ್ರದ ರೋಗ ಹೇಳುವವನು. ಮಗಳಿಗೆ ಹೊಲಿಗೆ ಯಂತ್ರ ಬೇಕೆಂದಾಗ ಊರೆಲ್ಲ ಹುಡುಕಿ ಒಳ್ಳೆಯದನ್ನೇ ತಂದವನು, ಕಾರಿಗೆ ಮಾತ್ರ ಮುನಿಯಪ್ಪನ ಸರಕು. ಪ್ರತಿ ಸಲ ಹೊರಡುವ ಮುಂಚೆ ಜಲಜಾ, "ಹಾಲಿನವಳಿಗೆ ನಾಳೆಯಿಂದ ಒಂದು ಪಾವು ಕಮ್ಮಿ ಸಾಕು ಅಂತ ಹೇಳಿ" ಎಂದರೆ, ಅದನ್ನೂ ಮರೆಯುತ್ತಿದ್ದ. ವಯಸ್ಸಾಯಿತು ಅಂದುಕೊಂಡಿದ್ದಳು.

ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದ ಮಗಳು ವತ್ಸಲಾಳ ತೋಳಿನ ಮೇಲೆ, ಬಳೆ ತೊಡಿಸಿದ ಹಾಗೆ, ಸಾಲಾಗಿ ಸುಟ್ಟ ಗಾಯಗಳಿದ್ದವು. "ಒಲೆ ತಾಗ್ತಮ್ಮ" ಅಂದಳು ಹುಡುಗಿ. ಒಲೆ ಎಲ್ಲಾದರೂ ಸಾಲು ಹಿಡಿದು ತಾಗುತ್ತದೆಯೇ? ಜಲಜಾ ಗಂಡನಿಗೆ ತೋರಿಸಿದಳು. ಅವನು ತಲೆ ತಗ್ಗಿಸಿ, "ಅಣ್ಣ ಮಾಡಿದ ಸಂಬಂಧ" ಎಂದಷ್ಟೇ ಹೇಳಿ ಎದ್ದುಹೋದ. ಅಪ್ಪ ಸತ್ತ ಮೇಲೆ ಅವನನ್ನು ಸಾಕಿದವರು ಅಣ್ಣ ವೆಂಕಟಗಿರಿ. ಅವರೆದುರು ಅವನ ನಾಲಿಗೆ ಯಾವತ್ತೂ ಎದ್ದದ್ದಿಲ್ಲ.

ಕಲ್ಲಾದರೂ ಕರಗೀತು, ಈ ಮನುಷ್ಯ ಕರಗಲಾರ ಅಂದುಕೊಂಡು ಜಲಜಾ ತಾನೇ ಅಳಿಯನಿಗೆ ಕಾಗದ ಬರೆದಳು. ವತ್ಸಲಾ ಇನ್ನು ಬರುವುದಿಲ್ಲ, ಅಷ್ಟೇ. ಬರೆದದ್ದು ನವರಾತ್ರಿಗೆ ಮುಂಚೆ. ಈಗ ಸಂಕ್ರಾಂತಿಯೂ ಕಳೆದಿತ್ತು. ಕಾಗದ ಸಾಸಿವೆ ಡಬ್ಬಿಯ ಕೆಳಗೇ ಇತ್ತು. ಗಂಡನಿಗೆ ತಿಳಿದರೆ ಎಂದು ನೆನೆದಾಗಲೆಲ್ಲ ಕೈ ಹಿಂದಕ್ಕೆ ಸರಿಯುತ್ತಿತ್ತು.

ನಿನ್ನೆ ವೆಂಕಟಗಿರಿಯವರು ಬಂದು ಗುಡುಗಿದ್ದರು. "ಆ ಮುನಿಯಪ್ಪನ ಗುಜರಿ ಸಾಕು ಕಣೋ ಸೇತು. ಪೆಟ್ರೋಲು ತುಟ್ಟಿ ಅಂತ ಬಸ್ಸಲ್ಲಿ ಕಳಿಸಿ ನನ್ನ ಮರ್ಯಾದೆ ಕಳೀಬೇಡ. ಹೊಸ ಡೈನಮೋ ನಾನೇ ತರ್ತೀನಿ. ನಾಡಿದ್ದು ಕಾರಲ್ಲಿ ನಾನೂ ಕೂತ್ಕೋತೀನಿ."

"ಆಗಲಿ ಅಣ್ಣ" ಎಂದಿದ್ದ ಸೇತುರಾಮ. ರಾತ್ರಿ ತಟ್ಟೆಯ ಮುಂದೆ ಕೂತು, ಉಣ್ಣದೆ ಎದ್ದಿದ್ದ.

ಜಲಜಾ ಮೊರ ಕೆಳಗಿಟ್ಟು ಅಂಗಳಕ್ಕೆ ಬಂದಳು. ಗಂಡ ಫ್ಯಾಕ್ಟರಿಯಲ್ಲಿದ್ದ. ಒಳಗೆ ವತ್ಸಲಾ ಸದ್ದಿಲ್ಲದೆ ಟ್ರಂಕು ತುಂಬುತ್ತಿದ್ದಳು.

"ಮುನಿಯಪ್ಪ."

"ಬೈಯೋದಾದ್ರೆ ಬೈದ್ಬಿಡಿ ಅಮ್ಮಾವ್ರೇ. ಅಭ್ಯಾಸ ಆಗೈತೆ."

"ಬೈಯೋಕಲ್ಲ." ಅವಳು ಸೆರಗಿನ ತುದಿ ಹಿಂಡಿದಳು. "ಈ ಸಲಾನೂ ನಿಂದೇ ಹಾಕಪ್ಪ. ಬೇಗ ಕೆಡೋಂಥದ್ದು."

ಮುನಿಯಪ್ಪ ಸ್ಪ್ಯಾನರು ಕೆಳಗಿಟ್ಟ. ಅವಳ ಮುಖವನ್ನೇ ನೋಡಿದ.

"ಆಗಲ್ಲ ಅಮ್ಮಾವ್ರೇ. ದೊಡ್ಡ ಸಾರು ಹೊಸದು ತಂದು ಕೈಗೇ ಕೊಟ್ಟವ್ರೆ. ಹಾಕೂ ಆಯ್ತು. ಮಧ್ಯಾಹ್ನ ಬಂದು ನೋಡ್ತಾರಂತೆ. ಇದು ಮೈಸೂರಿಗೆ ಹತ್ತು ಸಲ ಹೋಗಿ ಬಂದ್ರೂ ಕೆಡಲ್ಲ."

ಜಲಜಾ ಗೇಟು ಹಿಡಿದುಕೊಂಡು ನಿಂತಳು. ಆಮೇಲೆ ಒಳಗೆ ಹೋಗಿ, ಸಾಸಿವೆ ಡಬ್ಬಿ ಎತ್ತಿ, ಕಾಗದ ತಂದು ಅವನ ಕೈಗಿಟ್ಟಳು.

"ಎದುರಿನ ಡಬ್ಬಕ್ಕೆ ಹಾಕ್ಬಿಡು. ನಾನೇ ಹೋದ್ರೆ ನಿನ್ನ ಡೈನಮೋ ಥರ ಅರ್ಧ ದಾರೀಲೇ ನಿಂತ್ಬಿಡ್ತೀನಿ. ನಮ್ಮನೆಯವರಿಗೆ ಮಾತ್ರ ಹೇಳಬೇಡಪ್ಪ. ಗೊತ್ತಾದ್ರೆ ನನ್ನನ್ನ ಕ್ಷಮಿಸಲ್ಲ."

ಮುನಿಯಪ್ಪ ಕೈಯ ಗ್ರೀಸು ಒರೆಸಿಕೊಂಡು, ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದು ರಸ್ತೆ ದಾಟಿದ. ಕೆಂಪು ಡಬ್ಬದ ಬಾಯಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಒಮ್ಮೆ ತಟ್ಟಿದ. ಮರಳಿ ಬಂದು, ಬಿಚ್ಚಿಟ್ಟ ಡೈನಮೋವನ್ನು ಗೋಣಿಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿದ.

"ನಿಮ್ಮ ಯಜಮಾನ್ರಿಗೆ ನಾನೇನು ಹೇಳ್ಲಿ ಅಮ್ಮಾವ್ರೇ," ಎಂದ. "ಮೂರು ಸಲಾನೂ ಅವರೇ ಬಂದು ಕೈ ಮುಗಿದು, 'ಕೆಂಗೇರಿ ದಾಟಬಾರದು, ಅಂಥದ್ದೇ ಕೊಡು, ನಮ್ಮನೆಯವಳಿಗೆ ಮಾತ್ರ ಹೇಳಬೇಡ' ಅಂದು ತಗೊಂಡು ಹೋದೋರು."